ನೈಟ್ರೇಟ್ ಅಮೋನಿಯಾ ಆಗುತ್ತೆ, ಸರಿ. ನೀರು ಕುಡಿಯೋ ಹಾಗಾಗುತ್ತಾ?

ಕೊಳವೆಬಾವಿ ನೀರಿನಲ್ಲಿರುವ ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗಲ್ಲ. ಅದು ಮಿತಿಮೀರಿದ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಬಿಐಎಸ್ ಹಾಕಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದ ಮಾದರಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಈ ಮಿತಿ ದಾಟಿವೆ.

ಹಳ್ಳಿಯ ಆರ್‌ಓ ಘಟಕ ನೈಟ್ರೇಟನ್ನು ನಾಶ ಮಾಡೋದಿಲ್ಲ, ತ್ಯಾಜ್ಯ ನೀರಿಗೆ ದಾಟಿಸುತ್ತೆ ಅಷ್ಟೇ. ಆ ನೀರು ಚರಂಡಿಗೆ ಹೋದರೆ ಮತ್ತೆ ನೆಲಕ್ಕೇ ಇಂಗುತ್ತೆ. ಅದಕ್ಕೇ ಎಲೆಕ್ಟ್ರೋಕೆಟಲಿಸಿಸ್ ನನ್ನ ಆಸಕ್ತಿ ಕೆರಳಿಸಿದ್ದು. ತಾಮ್ರದಂಥ ವೇಗವರ್ಧಕವಿರುವ ವಿದ್ಯುದ್ವಾರಕ್ಕೆ ಕರೆಂಟು ಕೊಟ್ಟರೆ ಪ್ರತಿ ನೈಟ್ರೇಟ್ ಅಯಾನು ಎಂಟು ಎಲೆಕ್ಟ್ರಾನ್ ಪಡೆದು ಅಮೋನಿಯಾ ಆಗುತ್ತೆ, ಅಂದರೆ ಗೊಬ್ಬರದ ಕಚ್ಚಾವಸ್ತು. ಗೊಬ್ಬರ ಕಾರ್ಖಾನೆಯ ಹೇಬರ್-ಬಾಷ್ ವಿಧಾನಕ್ಕೆ ಬೇಕಾದ 400 ಡಿಗ್ರಿ ಮೀರಿದ ಶಾಖ, ನೂರಾರು ಪಟ್ಟು ಒತ್ತಡ ಇಲ್ಲಿ ಬೇಡ. ಆದರೆ ದಾರಿಯಲ್ಲಿ ನೈಟ್ರೈಟ್ ಸಿಗುತ್ತೆ; ಕ್ರಿಯೆ ಅಲ್ಲೇ ನಿಂತರೆ ವಿಷ ಇನ್ನೂ ಜಾಸ್ತಿ. ನೀರೇ ಒಡೆದು ಹೈಡ್ರೋಜನ್ ಆಗಿ ಕರೆಂಟು ಪೋಲಾಗೋದೂ ಉಂಟು.

2022ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ ರುಥೇನಿಯಂ ಬೆರೆಸಿದ ತಾಮ್ರದ ನ್ಯಾನೋತಂತಿಗಳಿಂದ 2000 ಪಿಪಿಎಂ ನೈಟ್ರೇಟನ್ನು 50ಕ್ಕಿಂತ ಕೆಳಗಿಳಿಸಿತು. ದೊಡ್ಡ ಸಾಧನೆಯೇ. ಆದರೆ 2000 ಪಿಪಿಎಂ ಅಂದರೆ ಕಾರ್ಖಾನೆಯ ತ್ಯಾಜ್ಯ, ನಮ್ಮ ಬೋರ್‌ವೆಲ್ ಅಲ್ಲ.

ಎಂಜಿನಿಯರಿಂಗ್ ಓದಿದ ಚಟ, ಲೆಕ್ಕ ಹಾಕಿ ನೋಡಿದೆ. ಲೀಟರಿಗೆ 90 ಮಿಲಿಗ್ರಾಂ ನೈಟ್ರೇಟ್ ಇರುವ ನೀರನ್ನು 45ಕ್ಕೆ ಇಳಿಸಿದರೆ ಸಿಗುವ ಅಮೋನಿಯಾ ಲೀಟರಿಗೆ 12 ಮಿಲಿಗ್ರಾಂ. 45 ಕೆಜಿಯ ಒಂದು ಯೂರಿಯಾ ಮೂಟೆಯಷ್ಟು ಸಾರಜನಕ ಬೇಕೆಂದರೆ ಸುಮಾರು 20 ಲಕ್ಷ ಲೀಟರ್ ನೀರು ಹಾಯಿಸಬೇಕು! ಅದಕ್ಕಿಂತ ಮುಖ್ಯವಾದದ್ದು, ಆ ಅಮೋನಿಯಾ ನೀರಲ್ಲೇ ಕರಗಿರುತ್ತೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಬರೀ 0.5 ಮಿಲಿಗ್ರಾಂ. ಕ್ಷಾರ ಹಾಕಿ, ಗಾಳಿ ಊದಿ ಅದನ್ನು ಹೊರತೆಗೆಯದಿದ್ದರೆ ಒಂದು ಮಿತಿ ಪಾಲಿಸಲು ಹೋಗಿ ಇನ್ನೊಂದನ್ನು ಇಪ್ಪತ್ತು ಪಟ್ಟು ಮೀರಿದ ಹಾಗೆ.

ಹಾಗಾಗಿ ಇದನ್ನು ಊರಿನ ನಲ್ಲಿಗೆ ಜೋಡಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ನೈಟ್ರೇಟ್ ದಟ್ಟವಾಗಿರುವ ಕಾರ್ಖಾನೆ ತ್ಯಾಜ್ಯದಲ್ಲಿ ಮೊದಲು ಪಳಗಲಿ, ಆಮೇಲೆ ಆರ್‌ಓ ಘಟಕದ ತ್ಯಾಜ್ಯ ನೀರಿಗೆ ಬರಲಿ. ಅಲ್ಲಿ ಇನ್ನೊಂದು ತಲೆನೋವಿದೆ: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ವಿದ್ಯುದ್ವಾರದ ಮೇಲೆ ಬಿಳಿ ಪದರ ಕಟ್ಟುತ್ತವೆ, ಗೀಸರ್ ಕಾಯಿಲ್ ಮೇಲೆ ಕಟ್ಟೋ ಹಾಗೆ. ಇನ್ಮುಂದೆ ಯಾರಾದರೂ ಹೊಸ ವೇಗವರ್ಧಕದ ಸುದ್ದಿ ತಂದರೆ ನಾನು ಕೇಳೋದು ದಕ್ಷತೆ ಶೇಕಡಾ ಎಷ್ಟು ಅಂತಲ್ಲ, ಗಡಸು ನೀರಲ್ಲಿ ಎಷ್ಟು ತಿಂಗಳು ಓಡಿತು ಅಂತ.