ನೀರಿನ ಲೆಕ್ಕ ಮತ್ತು ಸರ್ಕಾರದ ಖರ್ಚು: ಒಂದು ಹಿನ್ನೋಟ



ಭಂಕೂರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡು ನೋಡಿರಿ. ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ ಎಂದು ಬರೆದಿರುತ್ತದೆ. ಆ ಅಂಕಿ ಸುಮ್ಮನೆ ಬಂದದ್ದಲ್ಲ. ಅಂದಿನ ಸರ್ಕಾರ ಬಂದರುಗಳಲ್ಲಿ ಮಾಪಕ ಕೂಡಿಸಿ, ಉಬ್ಬರ-ಇಳಿತವನ್ನು ವರ್ಷಗಟ್ಟಲೆ ಬರೆಸಿಟ್ಟಿತು. ಒಂಬತ್ತು ಬಂದರುಗಳ ಸರಾಸರಿ ಹಿಡಿದು 1909ರಲ್ಲಿ ದೇಶದ ಎತ್ತರದ ಲೆಕ್ಕ ನಿಗದಿಯಾಯಿತು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಮುಂಬಯಿಯ ದಾಖಲೆ 1878ರಷ್ಟು ಹಳೆಯದು. ಇಂಥ ದಾಖಲೆ ಇದ್ದದ್ದಕ್ಕೇ ಸಮುದ್ರ ಏರುತ್ತಿರುವುದು ಗೊತ್ತಾಯಿತು. 1993ರಿಂದ 2017ರವರೆಗೆ ಉತ್ತರ ಹಿಂದೂ ಮಹಾಸಾಗರ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರಿದೆ.

ಆದರೆ ಇಂಥ ಕೆಲಸಕ್ಕೆ ಬೊಕ್ಕಸದ ಬಾಗಿಲು ತೆರೆಯುವುದು ಹೆಚ್ಚಾಗಿ ಅನಾಹುತ ಆದ ಮೇಲೆಯೇ. ನಮ್ಮ ಭಾಗ ನಿಜಾಮರ ಸಂಸ್ಥಾನದಲ್ಲಿದ್ದಾಗ, 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದಿನಲ್ಲಿ ಸುಮಾರು 15,000 ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿದರು. ಅವರು ಮೊದಲು ಕೇಳಿದ್ದೇ ಲೆಕ್ಕ. ಎಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆ ಒಡೆದವು? ಮೇಲ್ಭಾಗದ 788 ಕೆರೆಗಳಲ್ಲಿ 221 ಒಡೆದಿದ್ದವು. ಆ ಲೆಕ್ಕದ ಮೇಲೆಯೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದು ನಿಂತವು.

ಅದೇ ಹೈದರಾಬಾದಿನಲ್ಲಿ ಇಂದು ಸಮುದ್ರದ ಕಾವಲೂ ನಡೆದದ. 2004ರ ಸುನಾಮಿ ಬಡಿದ ಮೇಲೆ ಕೇಂದ್ರ ಸರ್ಕಾರ ಸುಮಾರು 125 ಕೋಟಿ ರೂಪಾಯಿ ಖರ್ಚು ಮಾಡಿ, 2007ರ ಅಕ್ಟೋಬರಿನಲ್ಲಿ ಅಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ತೆರೆಯಿತು.

ಸಮುದ್ರದ ಸುದ್ದಿ ನಮಗ್ಯಾಕ ಅನ್ನುವವರು 2020ರ ಅಕ್ಟೋಬರ್ ನೆನಪಿಸಿಕೊಳ್ಳಬೇಕು. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ದಾಟಿ ನಮ್ಮ ಕಡೆ ಬಂತು. ಕಾಗಿಣಾ ಉಕ್ಕಿ ಮಳಖೇಡಕ್ಕೆ ನುಗ್ಗಿತು, ಭೀಮಾ ದಂಡೆಯ ಹಳ್ಳಿಗಳು ಮುಳುಗಿದವು. ಹೊಲದ ಬೆಳೆ ಹೋಯಿತು, ಸಾಲ ಮಾತ್ರ ಉಳಿಯಿತು. ಅದರ ಬಿಸಿ ಎಷ್ಟೆಂದು ಸಹಕಾರ ಸಂಘದವರಿಗೆ ಬೇರೆ ಹೇಳಬೇಕಿಲ್ಲ.

ಮಳಖೇಡದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ವಿಶ್ವಬ್ಯಾಂಕಿನ ನೆರವಿನಿಂದ 1995ರಲ್ಲಿ ಶುರುವಾದ ಜಲವಿಜ್ಞಾನ ಯೋಜನೆಯಲ್ಲಿ ಕರ್ನಾಟಕವೂ ಸೇರಿತ್ತು. 2016ರಲ್ಲಿ ಇಡೀ ದೇಶಕ್ಕೆ ಸುಮಾರು 3,680 ಕೋಟಿ ರೂಪಾಯಿಯ ಹೊಸ ಯೋಜನೆ ಮಂಜೂರಾಯಿತು. ಹಣ ದೊಡ್ಡದೇ. ಆದರೆ ಬರಗಾಲದ ವರ್ಷದಲ್ಲಿ "ನೀರೇ ಇಲ್ಲ, ಅಳೆಯೋದೇನು?" ಎಂದು ಕೈಬಿಟ್ಟರೆ ಹಿಂದಿನ ಖರ್ಚೂ ನೀರಿಗೆ ಹೋದಂತೆ. ನಡುವೆ ಹಾಳೆ ಹರಿದ ಖಾತೆ ಪುಸ್ತಕವನ್ನು ಯಾವ ಲೆಕ್ಕ ಪರಿಶೋಧಕ ಒಪ್ಪುತ್ತಾನೆ?

ಸರ್ಕಾರದ ಪಾಲು ಸರ್ಕಾರ ಮಾಡಲಿ. ನಮ್ಮ ಪಾಲೂ ಅದ. ಹೊಳಿ ದಂಡೆಯ ಹಳ್ಳಿಗಳಲ್ಲಿ ನೀರು ಎಲ್ಲಿತನಕ ಬಂದಿತ್ತೋ ಅಲ್ಲಿ ಗೋಡೆಗೆ ಗೆರೆ ಎಳೆದು ಇಸವಿ ಬರೆದಿಡೋಣ. ಅದಕ್ಕೆ ಅನುದಾನ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು.