ಹಿಸ್ಸಾ ಮತ್ತು ಪೈಕಿ ಸಂಖ್ಯೆಗಳು (ಗದಗ ಜಿಲ್ಲೆ)

ಒಂದೇ ಸರ್ವೆ ನಂಬರಿನ ಜಮೀನಿಗೆ ಹಲವು ಪಹಣಿಗಳಾದಾಗ, ಅವನ್ನು ಬೇರೆ ಬೇರೆಯಾಗಿ ಗುರುತಿಸಲು ಮೂಲ ಅಂಕಿಗೆ ಸೇರಿಸುವ ಗುರುತುಗಳು. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದಲ್ಲಿ ಪಹಣಿಗೆ ಉತಾರ ಎಂಬ ಹೆಸರೂ ಇದೆ. ಎರಡೂ ಗುರುತುಗಳನ್ನು ಒಂದೇ ಎಂದು ಬಗೆಯುವುದುಂಟು. ಆದರೆ ಹಿಸ್ಸಾ ಅಳೆದು ಬೇರ್ಪಡಿಸಿದ ನೆಲಕ್ಕೆ ಸಲ್ಲುತ್ತದೆ, ಪೈಕಿ ದಾಖಲೆಯಲ್ಲಷ್ಟೇ ಬೇರೆಯಾದ ಪಾಲಿಗೆ.

ಆರಂಭ. ಗದಗ ಆಗ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ ಮುಂಬಯಿ ಪದ್ಧತಿಯ ಸರ್ವೆ 1840ರ ದಶಕದಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಂಗೇಟ್ ನೇತೃತ್ವದಲ್ಲಿ ನಡೆಯಿತು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ ಇದ್ದವು; 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಹೀಗಾಗಿ ಧಾರವಾಡ ಜಿಲ್ಲೆಯ ಸರ್ವೆಯ ಇಸವಿಗಳನ್ನು ಈ ಎರಡು ಊರುಗಳಿಗೆ ನೇರವಾಗಿ ಅನ್ವಯಿಸಲಾಗದು.

ಹಿಸ್ಸಾ. 1903ರ ಮುಂಬಯಿ ಹಕ್ಕುದಾಖಲೆ ಕಾಯ್ದೆಯಿಂದ ಸರ್ವೆ ನಂಬರಿನೊಳಗಿನ ಪಾಲುದಾರರ ಹಕ್ಕೂ ದಾಖಲೆಗೆ ಬಂತು. ಪೋಡಿಯಾದ, ಅಂದರೆ ಅಳೆದು ಬೇರ್ಪಡಿಸಿದ, ತುಂಡುಗಳಿಗೆ 45/1, 45/2 ಎಂಬಂತೆ ಅಂಕಿ ಬಿದ್ದು, ಅವು ಮತ್ತೆ ಒಡೆದಾಗ 45/1ಅ, 45/1ಬ ಎಂದು ಅಕ್ಷರವೂ ಸೇರಿತು. 1964ರ ಭೂಕಂದಾಯ ಕಾಯ್ದೆಯ ನಂತರವೂ ಈ ರೂಢಿ ಉಳಿಯಿತು.

ಪೈಕಿ. ಗೊಂದಲ ಹೆಚ್ಚಿರುವುದು ಇಲ್ಲಿ. ಸರ್ಕಾರಿ ಜಮೀನನ್ನು ದರಖಾಸ್ತಿನಲ್ಲಿ (ಅರ್ಜಿಯ ಮೇಲೆ) ಹಲವರಿಗೆ ಮಂಜೂರು ಮಾಡಿದಾಗ ಅಳತೆಗೆ ಮೊದಲೇ ಪಹಣಿ ತೆರೆದ ಉದಾಹರಣೆಗಳು ರಾಜ್ಯದಾದ್ಯಂತ ಇವೆ. ಇಂಥ ಪಹಣಿಗಳಿಗೆ 'ಪಿ1', 'ಪಿ2' ಎಂಬ ಗುರುತು ಬಂತು. ಈ ಗುರುತು ಒಂದು ದಾಖಲೆಯನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆಯೇ ಹೊರತು ಗಡಿಯ ಬಾಂದುಕಲ್ಲು ಎಲ್ಲಿದೆ ಎಂದು ಹೇಳುವುದಿಲ್ಲ. ಪೈಕಿ ಪಹಣಿಗಳ ಒಟ್ಟು ವಿಸ್ತೀರ್ಣ ಆಕಾರಬಂದಿನ (ವಿಸ್ತೀರ್ಣ, ಕಂದಾಯಗಳ ಸರ್ವೆ ದಾಖಲೆಯ) ವಿಸ್ತೀರ್ಣಕ್ಕೆ ತಾಳೆಯಾಗದಿರುವುದೂ, ಚೆಕ್ಕುಬಂದಿಯ (ಎಲ್ಲೆಯ) ತಕರಾರುಗಳೂ ಇದರಿಂದ ಹುಟ್ಟಿದವು.

ಗಣಕೀಕರಣದ ನಂತರ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಕೈಬರಹದ ಪಹಣಿಯಲ್ಲಿದ್ದುದೇ ಗಣಕಕ್ಕೂ ಹೋದ್ದರಿಂದ ಪೋಡಿಯಾಗದ ಪಾಲುಗಳು ಹಾಗೆಯೇ ಮುಂದುವರಿದವು. ಸರ್ವೆ ನಂಬರಿನ ಒಂದು ಭಾಗವನ್ನು ಮಾರಲು 11ಇ ನಕ್ಷೆ (ಮಾರುವ ಭಾಗದ ಅಳತೆ ನಕ್ಷೆ) ಕಡ್ಡಾಯವಾದ ಮೇಲೆ ಹೊಸ ವಿಭಜನೆಗಳಲ್ಲಿ ಅಳತೆ ನೋಂದಣಿಗಿಂತ ಮುಂಚೆ ಬಂತು. ಹಳೆಯ ಪೈಕಿ ಪಹಣಿಗಳಿಗೆ ಈ ನಿಯಮ ತಾನಾಗಿ ಪರಿಹಾರ ಕೊಡಲಿಲ್ಲ. ಅದಕ್ಕಾಗಿ ಪೋಡಿಮುಕ್ತ ಗ್ರಾಮ ಕಾರ್ಯಕ್ರಮವೂ, 2024ರಲ್ಲಿ ದರಖಾಸ್ತು ಪೋಡಿ ದುರಸ್ತಿ ಅಭಿಯಾನವೂ ಬಂದವು. ದುರಸ್ತಿಯಾದ ಜಮೀನಿಗೆ 'ಪಿ' ಗುರುತು ಹೋಗಿ ಸ್ವಂತ ಸಂಖ್ಯೆಯೂ ನಕ್ಷೆಯೂ ಸಿಗುತ್ತವೆ.

ಸಂಬಂಧಿತ ಪದ್ಧತಿ. ಗದಗ-ಬೆಟಗೇರಿ ನಗರದ ಆಸ್ತಿಗಳಿಗೆ ನಗರ ಮಾಪನದ ಸಿ.ಟಿ.ಎಸ್. ನಂಬರ್ ಇದೆ; ಅದು ಕೃಷಿ ಜಮೀನಿನ ರಿ.ಸ. (ಸರ್ವೆ) ನಂಬರಿಗಿಂತ ಬೇರೆಯ ಸರಣಿ.