ಕೆಂಬುಡೆ ಕೂಷ್ಮಾಂಡವಲ್ಲ: ಮುಂಡಾಜೆಯ ಅಡುಗೆಮನೆಯಿಂದ ಒಂದು ಟಿಪ್ಪಣಿ

ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಮುಂಡಾಜೆಯಲ್ಲಿ ಒಂದೇ ತರಕಾರಿಯ ಹೆಸರು ಮನೆಯಿಂದ ಮನೆಗೆ ಬದಲಾಗುತ್ತದೆ. ತುಳುವಿನಲ್ಲಿ ಅದು ಕೆಂಬುಡೆ. ಹವ್ಯಕರ ಮನೆಯಲ್ಲಿ ಚೀನಿಕಾಯಿ ಎಂದರೂ ಆದೀತು, ಕೆಂಬುಡೆ ಎಂದರೂ ಆದೀತು. ಕೊಂಕಣಿಯವರಿಗೆ ದುದ್ದಿ, ಪುಸ್ತಕದ ಕನ್ನಡಕ್ಕೆ ಸಿಹಿಗುಂಬಳ. ಬಹುಕಾಲದಿಂದ ಇಲ್ಲಿ ನೆಲೆಸಿ ಅಡಿಕೆ ತೋಟ ಮಾಡಿದ ಚಿತ್ಪಾವನರ ಮೂಲನೆಲವಾದ ಕೊಂಕಣದಲ್ಲಿ ಇದೇ ಕಾಯಿಯನ್ನು ಬೆಲ್ಲದೊಡನೆ ಬೇಯಿಸಿ, ಹಿಟ್ಟಿಗೆ ಕಲಸಿ, ಪೂರಿಯಂತೆ ಕರಿದು ಘಾರ್ಗೆ ಎನ್ನುತ್ತಾರೆ. ಇಷ್ಟು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಇತಿಹಾಸ ಕಾಣುತ್ತದೆ. ಕೆಂಬುಡೆಯ ಆರೋಗ್ಯಗುಣದ ಬಗ್ಗೆ ಈಗ ಹರಡಿರುವ ಒಂದು ತಪ್ಪನ್ನು ತಿದ್ದಲು ಆ ಇತಿಹಾಸ ಬೇಕು.

ಕೆಂಬುಡೆ ಎಂಬುದು ಕೆಂಪು ಕುಂಬುಡ ಎಂದು ಬಿಡಿಸಿಕೊಳ್ಳುವ ಪದ. ಸಿಹಿಗುಂಬಳವೂ ಹಾಗೆಯೇ, ಕುಂಬಳಕ್ಕೆ ಒಂದು ವಿಶೇಷಣ ಸೇರಿದ ಹೆಸರು. ಮೊದಲೇ ಇದ್ದದ್ದಕ್ಕೆ ಬರೀ ಹೆಸರು ಸಾಕಿತ್ತು, ಆಮೇಲೆ ಬಂದದ್ದಕ್ಕೆ ಬಣ್ಣವನ್ನೋ ರುಚಿಯನ್ನೋ ಅಂಟಿಸಬೇಕಾಯಿತು. ಚೀನಿಕಾಯಿ ಎಂಬ ಹೆಸರಿನಲ್ಲಿ ಹೊರನಾಡಿನ ನೆನಪು ಉಳಿದಿದೆ ಎಂದು ನನ್ನ ಊಹೆ, ಕಾಯಿ ಚೀನಾದಿಂದ ಬರದಿದ್ದರೂ.

ಬಂದದ್ದು ಅಮೆರಿಕ ಖಂಡದಿಂದ. ಮೆಕ್ಸಿಕೊದ ಓಹಾಕಾ ಪ್ರಾಂತದ ಗಿಲಾ ನಾಕಿಟ್ಸ್ ಗುಹೆಯಲ್ಲಿ ಇದೇ ಕುಲದ ಬೀಜಗಳು ಸಿಕ್ಕಿವೆ. ಅವುಗಳ ವಯಸ್ಸು ಸುಮಾರು 10,000 ವರ್ಷ. ನಮ್ಮಲ್ಲಿ ಹೆಚ್ಚು ಬೆಳೆಯುವ ಕುಕುರ್ಬಿಟಾ ಮೋಸ್ಕಾಟಾ ಮತ್ತು ಕುಕುರ್ಬಿಟಾ ಮ್ಯಾಕ್ಸಿಮಾ ಎರಡೂ 1492ರ ನಂತರ ಸಮುದ್ರ ದಾಟಿ ಬಂದವು. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿಗಳೂ ಹೀಗೇ ಬಂದವು. ಬೂದುಗುಂಬಳ ಮಾತ್ರ ಏಷ್ಯದ್ದೇ. ಅದರ ಕುಲ ಬೆನಿನ್ಕಾಸಾ, ಬೇರೆಯೇ ಕುಲ. ಹಾಗಾಗಿ 1025ರ ಸುಮಾರಿನ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದ ಕಾಲದಲ್ಲಾಗಲಿ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದ ಕಾಲದಲ್ಲಾಗಲಿ ಕನ್ನಡಿಗರ ಒಲೆಯ ಮೇಲೆ ಕೆಂಬುಡೆ ಬೆಂದಿರಲಿಲ್ಲ. ಹಳೆಯ ಕೃತಿಗಳಲ್ಲಿ ಕುಂಬಳ, ಕೂಷ್ಮಾಂಡ ಎಂದು ಬಂದಲ್ಲೆಲ್ಲ ಬೂದುಗುಂಬಳ ಎಂದೇ ಓದಬೇಕು. ಆಚರಣೆಯಲ್ಲೂ ಈ ಭೇದ ಉಳಿದಿದೆ. ಆಯುಧಪೂಜೆಯ ದಿನ ವಾಹನದ ಮುಂದೆ ಒಡೆಯುವುದು, ದೃಷ್ಟಿಗೆಂದು ಬಾಗಿಲಲ್ಲಿ ಕಟ್ಟುವುದು ಬೂದುಗುಂಬಳವನ್ನು. ಕೆಂಬುಡೆಯದು ಅಡುಗೆಮನೆಯ ಬದುಕು.

ತಪ್ಪು ಆಗುತ್ತಿರುವುದು ಇಲ್ಲಿ. ಆಯುರ್ವೇದ ಕೂಷ್ಮಾಂಡಕ್ಕೆ ಹೇಳಿದ ಗುಣಗಳನ್ನು, ಕೂಷ್ಮಾಂಡ ಲೇಹ್ಯದ ಕೀರ್ತಿಯನ್ನೂ ಸೇರಿಸಿ, ಈಗ ಕೆಂಬುಡೆಯ ಲೆಕ್ಕಕ್ಕೆ ಬರೆಯಲಾಗುತ್ತಿದೆ. ಪಿತ್ತಶಮನಕ್ಕೆಂದು ಬೆಳಗ್ಗೆ ಕೆಂಬುಡೆಯ ರಸ ಕುಡಿಯುವವರೂ ಇದ್ದಾರೆ. ಎರಡು ಬೇರೆ ಕಾಯಿಗಳ ಗುಣವನ್ನು ಒಂದರ ಹೆಸರಿಗೆ ಹಚ್ಚುವುದು ಸರಿಯಲ್ಲ. ಕೆಂಬುಡೆಗೆ ಸಾಲದ ಕೀರ್ತಿ ಬೇಕಾಗಿಯೂ ಇಲ್ಲ.

ಅದರದ್ದೇ ಗುಣ ಏನು? ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ಸಿಹಿಗುಂಬಳದಲ್ಲಿ ಸುಮಾರು 92 ಗ್ರಾಂ ನೀರೇ. ಶಕ್ತಿ 26 ಕಿಲೊಕ್ಯಾಲೊರಿ, ಪೊಟ್ಯಾಸಿಯಂ 340 ಮಿಲಿಗ್ರಾಂ, ಬೀಟಾ ಕ್ಯಾರೊಟಿನ್ ಸುಮಾರು 3,100 ಮೈಕ್ರೊಗ್ರಾಂ. ಇದು ಎ ಜೀವಸತ್ವದ ಲೆಕ್ಕದಲ್ಲಿ 426 ಮೈಕ್ರೊಗ್ರಾಂ ಆಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 840, ಗಂಡಸರಿಗೆ 1,000 ಮೈಕ್ರೊಗ್ರಾಂ ಬೇಕು. ತಿರುಳಿನ ಬಣ್ಣ ತೆಳುವಾದಷ್ಟೂ ಕ್ಯಾರೊಟಿನ್ ಕಡಿಮೆ. ಆದ್ದರಿಂದ ಸಂತೆಯಲ್ಲಿ ಹೋಳು ಕೊಳ್ಳುವಾಗ ಗಾತ್ರ ನೋಡದೆ ಒಳಗಿನ ಬಣ್ಣ ನೋಡಿ.

ಕ್ಯಾರೊಟಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಅದು ಮೈಗೆ ಹಿಡಿಯಬೇಕಾದರೆ ಒಂದು ಊಟದಲ್ಲಿ 3ರಿಂದ 5 ಗ್ರಾಂ ಕೊಬ್ಬು ಸಾಕೆಂದು ಪೋಷಣಾ ಸಂಶೋಧಕರು ಕಂಡುಕೊಂಡಿದ್ದಾರೆ. ಈಗ ನಮ್ಮ ಸಾಸಿವೆ ಎಂಬ ಅಡುಗೆಯನ್ನು ನೋಡೋಣ. ಹವ್ಯಕರು ಸಾಸಮೆ ಎನ್ನುವುದು ಇದನ್ನೇ. ಕೆಂಬುಡೆಯ ಹೋಳುಗಳನ್ನು ಸ್ವಲ್ಪವೇ ನೀರಿನಲ್ಲಿ, ಉಪ್ಪು ಮತ್ತು ಚೂರು ಬೆಲ್ಲ ಹಾಕಿ ಬೇಯಿಸಬೇಕು. ಬೆರಳಿನಿಂದ ಒತ್ತಿದರೆ ಕುಸಿಯಬೇಕು, ಕರಗಬಾರದು. ಆರಿದ ಮೇಲೆ ತೆಂಗಿನತುರಿ, ಹಸಿ ಸಾಸಿವೆ, ಒಂದು ಮೆಣಸು ಅರೆದು ಬೆರೆಸಿ ಮಜ್ಜಿಗೆ ಇಲ್ಲವೆ ಮೊಸರು ಸೇರಿಸುವುದು. ಬಿಸಿ ಇರುವಾಗಲೇ ಮಜ್ಜಿಗೆ ಹೊಯ್ದರೆ ಒಡೆಯುತ್ತದೆ, ಸಾಸಿವೆ ಹೆಚ್ಚು ಹೊತ್ತು ಅರೆದರೆ ಕಹಿ. ಒಬ್ಬರ ಪಾಲಿಗೆ 100 ಗ್ರಾಂ ಕೆಂಬುಡೆ, 15 ಗ್ರಾಂ ತೆಂಗಿನತುರಿ ಎಂದಿಟ್ಟುಕೊಳ್ಳಿ. ಅಷ್ಟು ತುರಿಯಲ್ಲಿ ಕೊಬ್ಬು ಸರಿಸುಮಾರು 5 ಗ್ರಾಂ. ಕೆಂಬುಡೆ, ತೆಂಗು ಎರಡರಿಂದಲೂ ಸೇರಿ ಬರುವ ಶಕ್ತಿ 80 ಕಿಲೊಕ್ಯಾಲೊರಿಯೊಳಗೆ. ತೂಕದ ಭಯದಿಂದ ತೆಂಗಿನಕಾಯಿ ಬಿಟ್ಟು ಬರೀ ಬೇಯಿಸಿದ ಹೋಳು ತಿನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಅವರು ಬಿಡುತ್ತಿರುವುದು ಕ್ಯಾರೊಟಿನ್ ಹೊತ್ತು ತರುವ ಸಾಧನವನ್ನೇ. ಬೆಂದ ನೀರನ್ನು ಚೆಲ್ಲುವುದೂ ನಷ್ಟ, ಸಿ ಜೀವಸತ್ವ ಮತ್ತು ಪೊಟ್ಯಾಸಿಯಂ ಅದರಲ್ಲಿ ಇಳಿದಿರುತ್ತವೆ. ನಮ್ಮ ಹುಳಿ, ಮೇಲೋಗರಗಳಲ್ಲಿ ಆ ನೀರು ಪಾತ್ರೆಯಲ್ಲೇ ಉಳಿಯುತ್ತದೆ.

ಸಿಹಿ ಎಂಬ ಹೆಸರಿಗೆ ಹೆದರಿ ಮಧುಮೇಹಿಗಳು ಕೆಂಬುಡೆ ಬಿಡುವುದುಂಟು. ಇದರ ಗ್ಲೈಸಿಮಿಕ್ ಸೂಚ್ಯಂಕ 75ರ ಆಸುಪಾಸು ಎಂದು ಪಟ್ಟಿಗಳಲ್ಲಿ ಇರುವುದು ನಿಜ. ಆದರೆ ಒಂದು ಪಾಲಿನಲ್ಲಿರುವ ಸಕ್ಕರೆ ಪಿಷ್ಟ ಅಷ್ಟು ಕಡಿಮೆ ಇರುವುದರಿಂದ ರಕ್ತದ ಮೇಲೆ ಬೀಳುವ ಹೊರೆ ಸಣ್ಣದು. ಪಲ್ಯ, ಹುಳಿ, ಸಾಸಿವೆಯಾಗಿ ತಿನ್ನಲು ಅಂಜಬೇಕಿಲ್ಲ. ಕೆಂಬುಡೆ ಗಟ್ಟಿಯ ಮಾತು ಬೇರೆ. ನೆನೆಸಿದ ಅಕ್ಕಿ, ತುರಿದ ಕೆಂಬುಡೆ, ತೆಂಗು, ಬೆಲ್ಲ ಸೇರಿಸಿ ತರಿಯಾಗಿ ಅರೆದು, ಬಾಳೆ ಎಲೆಗೋ ಅರಿಶಿನ ಎಲೆಗೋ ಸವರಿ, ಮಡಿಸಿ ಹಬೆಯಲ್ಲಿ ಬೇಯಿಸಿದ್ದು ಅದು. ಎಲೆ ಬಿಚ್ಚಿದಾಗ ಬರುವ ಪರಿಮಳಕ್ಕೆ ಸಮನಾದದ್ದು ನನಗೆ ಗೊತ್ತಿಲ್ಲ. ಆದರೆ ಅದು ಅಕ್ಕಿ ಬೆಲ್ಲದ ತಿಂಡಿ, ಅನ್ನದ ಬದಲಿಗೆ ಎಂದು ಎಣಿಸಬೇಕು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಗೆ ಒಳಪಟ್ಟವರು ವೈದ್ಯರನ್ನು ಕೇಳಿಯೇ ತಿನ್ನಲಿ. ಕಹಿ ಇರುವ ಕಾಯಿಯನ್ನು ಮಾತ್ರ ಯಾರೂ ತಿನ್ನಬಾರದು. ಕುಕುರ್ಬಿಟಾಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ.

ಮುಂಡಾಜೆಯಂಥ ಊರಿಗೆ ಈ ಕಾಯಿ ಯಾಕೆ ಬೇಕಾಯಿತು ಎಂಬುದಕ್ಕೆ ಮಳೆ ಉತ್ತರ. ಜೂನ್‌ನಲ್ಲಿ ಮೃತ್ಯುಂಜಯ ಹೊಳೆ ಕೆಂಪಾಗುವ ಹೊತ್ತಿಗೆ ಅಂಗಳದ ತರಕಾರಿ ಮುಗಿದಿರುತ್ತದೆ. ಕೊಯ್ಲಾದ ಗದ್ದೆಯಲ್ಲಿ ಬೇಸಿಗೆಗೆ ಬೆಳೆದ ಸೌತೆ, ಕುಂಬಳ, ಕೆಂಬುಡೆಗಳೇ ಆಟಿ ತಿಂಗಳವರೆಗೆ ಮನೆಯನ್ನು ನಡೆಸಬೇಕು. ಸೌತೆಯನ್ನು ಬಾಳೆನಾರಿನಲ್ಲಿ ಮಾಡಿಗೆ ನೇತುಹಾಕಿದರೆ ಕೆಂಬುಡೆಗೆ ಅಟ್ಟದ ಜಾಗ. ಉಗುರು ಊರದಷ್ಟು ಸಿಪ್ಪೆ ಬಲಿತಿರಬೇಕು, ತೊಟ್ಟು ಸಹಿತ ಕೊಯ್ಯಬೇಕು, ನೆಲಕ್ಕೆ ತಾಗಿ ಜಜ್ಜಬಾರದು. ಇಟ್ಟ ಕಾಯಿಯಲ್ಲಿ ಪಿಷ್ಟ ಸಕ್ಕರೆಯಾಗುತ್ತ ಬರುತ್ತದೆ. ಅಟ್ಟದಿಂದ ಇಳಿಸಿದ ಕೆಂಬುಡೆ ಹೆಚ್ಚು ಸಿಹಿ ಎನ್ನುವ ಅಜ್ಜಿಯರ ಮಾತು ಸರಿ.

ಕಾಯಿಯಷ್ಟೇ ಅಲ್ಲ, ಬಳ್ಳಿಯ ಎಳೆಗುಡಿ ಪಲ್ಯಕ್ಕೆ, ಗಂಡು ಹೂವು ಪೋಡಿಗೆ, ಸಿಪ್ಪೆ ಚಟ್ನಿಗೆ. ಹೂವು ನಸುಕಿನಲ್ಲಿ ಅರಳಿ ಬಿಸಿಲೇರುವ ಮೊದಲೇ ಮುದುಡುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಹೊತ್ತದ್ದು ಹೆಣ್ಣು, ಅದನ್ನು ಮುಟ್ಟಬಾರದು. ಗಂಡು ಹೂವುಗಳಲ್ಲೂ ಕೆಲವನ್ನು ಜೇನ್ನೊಣಕ್ಕೆ ಬಿಡಬೇಕು. ಬೀಜವಂತೂ ಬಂಗಾರ. ಒಣ ತಿರುಳಿನ 100 ಗ್ರಾಂನಲ್ಲಿ ಪ್ರೊಟೀನು ಸುಮಾರು 30 ಗ್ರಾಂ, ಮೆಗ್ನೀಸಿಯಂ 590 ಮಿಲಿಗ್ರಾಂ. ಇದನ್ನೇ ಪೇಟೆಯಲ್ಲಿ ದುಬಾರಿ ಪೊಟ್ಟಣದಲ್ಲಿ ಕೊಂಡು ತಂದು, ಮನೆಯ ಕೆಂಬುಡೆ ಹೆಚ್ಚಿದಾಗ ಬೀಜವನ್ನು ತಿಪ್ಪೆಗೆ ಎಸೆಯುವುದನ್ನು ಕಂಡು ನನಗೆ ನಿಜಕ್ಕೂ ನೋವಾಗಿದೆ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ಎಂಬ ಒಳ್ಳೆಯ ತಳಿಗಳನ್ನು ಕೊಟ್ಟಿದೆ, ಬೆಳೆಯಿರಿ. ಜೊತೆಗೆ ನಿಮ್ಮ ಮನೆಯ ಹಳೆಯ ಬಳ್ಳಿಯ ಬೀಜವನ್ನೂ ಉಳಿಸಿಕೊಳ್ಳಿ. ಚೆನ್ನಾಗಿ ಬಲಿತ, ಒಳಗೆ ಗಾಢ ಬಣ್ಣವಿರುವ ಒಂದು ಕಾಯಿ ಆರಿಸಿ, ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಹತ್ತು ಬೀಜ ನೆರೆಮನೆಗೂ ಕೊಡಿ.